ಉಳಿದುಹೋದ ಎರಡು ಹಿಡಿ ಅಕ್ಕಿ

ನಮ್ಮವ್ವ ನನ್ನ ಬಸ್ಸಿನಲ್ಲಿ ಒಂದು ದಿನವೂ ಪುಕ್ಕಟೆ ಕೂತವಳಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಕೆ.ಆರ್. ಪೇಟೆಯಿಂದ ಚಿನಕುರಳಿ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗಿಬರುವ ಗಾಡಿಯಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ನಡುವೆ ಕೆಲವು ವರ್ಷ ನಾಗಮಂಗಲದ ಕಡೆಗೂ ಹಾಕಿದ್ದರು. ತವರು ಶೀಳನೆರೆ ಹತ್ತಿರದ ಒಂದು ಹಳ್ಳಿ, ಕೊಟ್ಟ ಮನೆ ಪಾಂಡವಪುರ. ಅವ್ವ ಪೇಟೆಯಲ್ಲಿ ಹತ್ತಿದಳೆಂದರೆ ಮೊದಲು ಸೆರಗಿನ ಗಂಟು ಬಿಚ್ಚಿ ಟಿಕೆಟ್ಟಿನ ಕಾಸನ್ನು ನನ್ನ ಕೈಗಿಟ್ಟೇ ಕೂರುತ್ತಿದ್ದಳು. ನಾನೇ ಹಾಕಿಕೊಳ್ಳುತ್ತೇನೆ ಬಿಡು ಅಂದರೆ ಬಸ್ಸಿಗೆಲ್ಲ ಕೇಳುವ ಹಾಗೆ, "ಕೊಟ್ಟ ಎಣ್ಣಿಂದ ಈಸ್ಕೊಂಡ್ರೆ ಮನೆ ಏಳ್ಗೆ ಆಗಾಕಿಲ್ಲ, ಅರಿ ಚೀಟಿಯ" ಅನ್ನುತ್ತಿದ್ದಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಮೊದಲ ಸಲ ಸೊನ್ನೆ ಟಿಕೆಟ್ ಕೊಟ್ಟಾಗ ಅದನ್ನು ತಿರುವಿ ತಿರುವಿ ನೋಡಿದಳು. ಕೊನೆಗೆ, "ಇದು ಸರ್ಕಾರದ್ದು, ನಿಂದಲ್ಲ ತಾನೇ?" ಎಂದು ಖಾತ್ರಿ ಮಾಡಿಕೊಂಡೇ ಇಟ್ಟುಕೊಂಡಳು.

ನಮ್ಮ ಕಡೆ ಇದು ಹೊಸದಲ್ಲ. ತವರು ಕೊಡಬೇಕು, ಮಗಳು ಸೆರಗೊಡ್ಡಬೇಕು. ಗೌರಿ ಹಬ್ಬಕ್ಕೆ ತಮ್ಮನೋ ಅಣ್ಣನೋ ಬಾಗಿನ ತರಬೇಕು. ತವರಿಗೆ ಹೋಗಿ ಹೊರಡುವಾಗ ಮಡಿಲಿಗೆ ಐದು ಹಿಡಿ ಅಕ್ಕಿ, ಬೆಲ್ಲ, ಎಲೆ ಅಡಿಕೆ ಹಾಕಿ ಕಳಿಸಬೇಕು. ತಿರುಗಿ ಮಗಳ ಮನೆಯಿಂದ ತವರಿಗೆ ಏನೂ ಬರಕೂಡದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆಯೇ ಇದೆಯಲ್ಲ. ಇದರಲ್ಲಿ ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಜಮೀನಿನ ಹಕ್ಕು ಬಿಟ್ಟುಕೊಟ್ಟೆ ಅಂತ ಪೇಟೆಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡ ದಿನ ಈ ಶಾಸ್ತ್ರ ಯಾರ ಬಾಯಲ್ಲೂ ಬರಲಿಲ್ಲ. ಒಂದು ಸೀರೆ ಕೊಟ್ಟರು, ಉಟ್ಟುಕೊಂಡೆ. ನಾನು ಜಗಳಗಂಟಿ ಅಂತ ಡಿಪೋದಲ್ಲೆಲ್ಲ ಹೆಸರಿದ್ದರೂ ತವರಿನ ಮುಂದೆ ನನ್ನ ಬಾಯಿ ಎದ್ದಿರಲಿಲ್ಲ.

ನನ್ನ ತಮ್ಮ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಅವನನ್ನು ಸೊಂಟದ ಮೇಲೆ ಹೊತ್ತು ನನ್ನ ಸೊಂಟ ಒಂದು ಕಡೆಗೆ ವಾಲಿದೆ ಅಂತ ಅವ್ವ ಈಗಲೂ ಹೇಳುತ್ತಾಳೆ. ಅಣ್ಣನೊಬ್ಬ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಊರಲ್ಲಿ ಉಳಿದವನು ತಮ್ಮನೇ. ಹಸು ಕಟ್ಟಿಕೊಂಡು ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಿದ್ದ. ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿದವನಲ್ಲ. ಆ ವರ್ಷವೂ ಮೊರ ಹಿಡಿದುಕೊಂಡು ಬಂದ. ಬಳೆ, ಕನ್ನಡಿ, ಬೇಳೆ, ರವಿಕೆ ಕಣ ಎಲ್ಲ ಇತ್ತು. ನಾನು ಸೆರಗೊಡ್ಡಿದೆ. ಮೊರ ಚಾಚಿದ ಅವನ ತೋಳಿನ ಮೇಲೆ ನೀಲಿ ಕಲೆಗಳಿದ್ದವು.

"ಏನ್ಲಾ ಅದು, ಅಸ ಒದೀತಾ?"

"ಇಲ್ಲ ಕಣಕ್ಕ. ತಾನಾಗೇ ಬತ್ತವೆ, ತಾನಾಗೇ ಓಯ್ತವೆ."

ಹಲ್ಲುಜ್ಜಿದರೆ ರಕ್ತ ಬರುತ್ತದೆ ಅಂತಲೂ, ಹಾಲಿನ ಕ್ಯಾನು ಎತ್ತಿದರೆ ಏದುಸಿರು ಅಂತಲೂ ಊಟಕ್ಕೆ ಕೂತಾಗ ಸುಮ್ಮನೆ ಹೇಳಿದ. ಹೋಳಿಗೆ ಅರ್ಧಕ್ಕೇ ಬಿಟ್ಟ. ಮಾರನೆಯ ದಿನ ನಾನೇ ಪಾಂಡವಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಚೀಟಿ ನೋಡಿದ ಡಾಕ್ಟರು ನನ್ನ ಮುಖ ನೋಡದೆ, ಇವತ್ತೇ ಮೈಸೂರಿಗೆ ಹೋಗಿ ಅಂದರು. ರಜೆ ಹಾಕಿ ನನ್ನದೇ ಬಸ್ಸಿನಲ್ಲಿ ಬೇರೆ ಕಂಡಕ್ಟರಿಂದ ಟಿಕೆಟ್ ತೆಗೆದುಕೊಂಡು ಅವನ ಪಕ್ಕ ಕೂತು ಹೋದೆ.

ರಕ್ತದ ಕ್ಯಾನ್ಸರ್ ಅಂತ ಹೇಳಿದವರು ಅಲ್ಲಿನ ಡಾಕ್ಟರಮ್ಮ. ನಮ್ಮ ಭಾಷೆಯಲ್ಲೇ ಹೇಳಿದರು. ಮೂಳೆಯೊಳಗೆ ಮಜ್ಜೆ ಅಂತ ಇರುತ್ತದೆ, ರಕ್ತ ಹುಟ್ಟುವ ಗದ್ದೆ ಅದು, ಅಲ್ಲಿ ಕಳೆ ತುಂಬಿಕೊಂಡಿದೆ ಅಂದರು. ಒಂದು ತಿಂಗಳಿಗೂ ಮೇಲೆ ಕೀಮೋ ಕೊಟ್ಟರು. ತಲೆಗೂದಲು ದಿಂಬಿನ ಮೇಲೆ ಉದುರಿತು, ಬಾಯಿ ಹುಣ್ಣಾಗಿ ನೀರು ಕುಡಿಯಲೂ ಅತ್ತ. ದೀಪಾವಳಿಗೆ ಮುಂಚೆ ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಈಗ ಕಳೆ ಕಾಣ್ತಿಲ್ಲ. ಬೇರು ಇದ್ದೇ ಇರುತ್ತೆ. ಇದು ಅಡಗಿರುವಾಗಲೇ ಬೇರೆಯವರ ಮಜ್ಜೆಯ ಕಣ ಹಾಕಬೇಕು, ತಡ ಮಾಡಬೇಡಿ" ಎಂದರು. ಒಡಹುಟ್ಟಿದವರದ್ದು ಹೊಂದುವ ಸಾಧ್ಯತೆ ಇದೆ ಅಂತ ಅಣ್ಣನದ್ದೂ ನನ್ನದೂ ರಕ್ತ ತೆಗೆದರು.

ಅಣ್ಣನದ್ದು ಹೊಂದಲಿಲ್ಲ. ನನ್ನದು ಪೂರ್ತಿ ಹೊಂದಿತು. ಕುಲಕ್ಕೆ ಹೊರಗಾದವಳ ರಕ್ತವೇ ಕುಲದ ಮಗನಿಗೆ ಕೂಡಿಬಂದಿತ್ತು. ಆ ಕಾಗದ ಹಿಡಿದುಕೊಂಡು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಖುಷಿಯಿಂದ ಅತ್ತೆ. ನನ್ನ ಗಂಡ ಕರೆಂಟ್ ಆಫೀಸಿನಲ್ಲಿರುವ ಮೆದು ಮನುಷ್ಯ. ಫೋನು ಮಾಡಿದರೆ, "ಇದ್ರಲ್ಲಿ ಕೇಳೋದೇನೈತೆ, ಕೊಡು" ಅಂದುಬಿಟ್ಟ.

ತಮ್ಮ ಬೇಡ ಅಂದ.

ನಾನು ನಂಬಲಿಲ್ಲ. ಹೆದರಿದ್ದಾನೆ ಅಂದುಕೊಂಡು ಊರಿಗೆ ಹೋದೆ. ಅವನು ಜಗಲಿಯ ಮೇಲೆ ಟೋಪಿ ಹಾಕಿಕೊಂಡು ಕೂತಿದ್ದ. ಅವ್ವ ಒಳಗೆ ಅವರೆಕಾಯಿ ಸುಲಿಯುತ್ತಿದ್ದಳು.

"ಭೂಮಿ ಬುಟ್ಕೊಟ್ಟೆ, ಈಸ್ಕೊಂಡ್ವಿ. ಈಗ ಮೂಳೆವೊಳಗಿಂದೂ ಈಸ್ಕೊಳಾನಾ? ನಾಳೆ ನಿನ್ಗೇನಾರ ಆದ್ರೆ ಭಾವನ್ ಮುಂದೆ ಎಂಗೆ ನಿಂತ್ಕೊಳ್ಳಿ?" ಅಂದ. ಅವನ ಕಣ್ಣು ನೆಲದ ಮೇಲಿತ್ತು.

"ನನಗೇನೂ ಆಗಲ್ಲ ಕಣ್ಲಾ. ರಕ್ತ ಕೊಟ್ಟಂಗೆ ಅಷ್ಟೇ. ತಿರ್ಗ ಬೆಳ್ಕೊತದೆ."

ಅವ್ವ ಒಳಗಿನಿಂದಲೇ ಹೇಳಿದಳು: "ಅವ್ನು ಯೋಳೋದ್ರಲ್ಲಿ ತಪ್ಪಿಲ್ಲ ಕಣವ್ವ. ಎಣ್ಣುಮಗಳ ಮೈಯಿಂದ ಕಿತ್ಕೊಂಡು ಗಂಡುಮಗನ್ನ ಉಳಿಸ್ಕೊಂಡ್ರು ಅಂತಾರೆ. ಆ ಪಾಪ ಅವ್ನಿಗೇ ಸುತ್ಕೊತದೆ. ಔಸ್ದಿಲೇ ವಾಸಿಯಾಗ್ತಾವ್ನಲ್ಲ, ನೋಡಾನಿರು."

ಸಹಿ ಹಾಕಿಸಿಕೊಂಡಾಗ ಇಲ್ಲದ ಪಾಪ ಈಗ ಎಲ್ಲಿಂದ ಬಂತು ಅಂತ ಅವತ್ತೇ ಕೇಳಬೇಕಿತ್ತು. ಬಸ್ಸಿನಲ್ಲಿ ಎರಡು ರೂಪಾಯಿ ಚಿಲ್ಲರೆಗೆ ಗಂಟಲು ಹರಿದುಕೊಳ್ಳುವವಳು ನಾನು. ಅವತ್ತು ಕೇಳಲಿಲ್ಲ. ಕಾರ್ತಿಕ ಕಳೆಯಿತು, ಧನುರ್ಮಾಸ ಬಂತು. ನಡುವೆ ಹೇಳಿದ ದಿನಕ್ಕೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಿದ್ದ. ಮಜ್ಜೆಯ ಮಾತೆತ್ತಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ತಲೆಯ ಮೇಲೆ ಹೊಸ ಕೂದಲು ಬಂದಿತ್ತು, ಮುಖ ತುಂಬಿಕೊಂಡಿತ್ತು. ನೋಡಿದವರೆಲ್ಲ ವಾಸಿಯಾಗಿದ್ದಾನೆ ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿಬಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಸಂಕ್ರಾಂತಿಯ ಸಂಜೆ ಹಸುಗಳಿಗೆ ಕಿಚ್ಚು ಹಾಯಿಸಲು ಹಗ್ಗ ಹಿಡಿದು ನಿಂತಿದ್ದಾಗ ಅವನ ಮೂಗಿನಿಂದ ರಕ್ತ ಇಳಿಯಿತು. ಹಗ್ಗ ಬಿಡಲಿಲ್ಲ, ಮೂಗು ಒರೆಸಿಕೊಂಡು ಮನೆಯ ಹಸುಗಳನ್ನೆಲ್ಲ ಹಾಯಿಸಿದ ಮೇಲೇ ಕೂತನಂತೆ. ಮೈಸೂರಿನಲ್ಲಿ ಪರೀಕ್ಷೆ ಮಾಡಿ ಕಾಯಿಲೆ ತಿರುಗಿ ಬಂದಿದೆ ಅಂದರು.

ಅದಾದ ವಾರಕ್ಕೆ ಅವ್ವ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಾಡಿಗಾಗಿ ಕಾದು ಕೂತಿದ್ದಳು. ಹತ್ತಲಿಲ್ಲ. ಬಾಗಿಲ ಹತ್ತಿರ ಬಂದು ನನ್ನ ಮೊಣಕೈ ಹಿಡಿದುಕೊಂಡಳು.

"ಕೊಡವ್ವ. ಅವ್ನು ಒಪ್ಕೊಂಡವ್ನೆ. ನಾವು ಮೊದ್ಲು ನಿನ್ ಮಡ್ಲು ತುಂಬ್ತೀವಿ, ಆಮ್ಯಾಕೆ ನೀನು ಕೊಡು. ಆಗ ಸುಮ್ಕೆ ಈಸ್ಕೊಂಡಂಗೆ ಆಗಾಕಿಲ್ಲ."

ಹತ್ತಿರ ಹತ್ತಿರ ಮೂರು ತಿಂಗಳು ಮೂವರೂ ಹೆಣಗಾಡಿದ ಗಂಟನ್ನು ಅವ್ವ ಒಂದು ಮಾತಿನಲ್ಲಿ ಬಿಚ್ಚಿದ್ದಳು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ನಾನು ತಲೆಯಾಡಿಸಿ ರೈಟ್ ಹೇಳಿದೆ.

ಈ ಸಲದ ಕೀಮೋ ಮೊದಲಿನದಕ್ಕಿಂತ ಕಠಿಣ. ಕಾಯಿಲೆ ಪೂರ್ತಿ ಅಡಗಲಿಲ್ಲ, ತಗ್ಗಿತು. ಇದಕ್ಕಿಂತ ಕಾಯುವಂತಿಲ್ಲ ಅಂತ ಯುಗಾದಿಯ ಆಸುಪಾಸಿಗೆ ದಿನ ಗೊತ್ತು ಮಾಡಿದರು. ನನಗೆ ಐದು ದಿನ ಇಂಜೆಕ್ಷನ್ ಕೊಟ್ಟರು, ಮಜ್ಜೆಯ ಕಣಗಳು ರಕ್ತಕ್ಕೆ ಇಳಿದು ಬರಲಿ ಅಂತ. ಸೊಂಟದ ಮೂಳೆಯೊಳಗೆ ಯಾರೋ ರಾಗಿ ಬೀಸಿದ ಹಾಗೆ ನೋವು. ಐದನೆಯ ದಿನ ಬೆಳಿಗ್ಗೆ ಕಣ ತೆಗೆಯುವ ಕೋಣೆಯ ಹೊರಗೆ ಅವ್ವ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಬೆಂಚಿನ ಮೇಲೆ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಸೆರಗು ಬಿಡಿಸಿ, ಒಂದು ಹಿಡಿ ಹಾಕಿದಳು. ಎರಡು. ಮೂರು.

"ಅಮ್ಮಾ, ಏನ್ ಮಾಡ್ತಿದ್ದೀರಾ? ಇಲ್ಲಿ ಅಕ್ಕಿ ಚೆಲ್ಲಬಾರದು. ಒಳಗಿರೋರಿಗೆ ಒಂದು ಚೂರು ಧೂಳೂ ಆಗಲ್ಲ" ಎಂದು ನರ್ಸಮ್ಮ ಓಡಿಬಂದರು. ಅವರು ಹೇಳಿದ್ದು ಸರಿಯೇ. ನಾನು ಮೂರು ಹಿಡಿಯನ್ನು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಎದ್ದೆ. ಅವ್ವನ ಕೈ ಚೀಲದೊಳಗೇ ಇತ್ತು. ನಾಲ್ಕನೆಯ ಹಿಡಿ ಅವಳ ಮುಷ್ಟಿಯಲ್ಲಿ ಉಳಿಯಿತು.

ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಇನ್ನೊಂದು ತೋಳಿಗೆ ವಾಪಸು ಬರುತ್ತಿತ್ತು. ನಾಲ್ಕೈದು ಗಂಟೆ ಮಲಗಿದ್ದೆ. ಕೊನೆಗೆ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ತಿಳಿಸಾರಿನಂತೆ ಕೆಂಪಗೆ ಏನೋ ಸೇರಿತ್ತು. ಇಷ್ಟೇನಾ ಅಂತ ಕೇಳಿದೆ. ಇಷ್ಟೇ ಅಂದರು. ಇಷ್ಟಕ್ಕೆ ನಾವು ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಕೂತಿದ್ದೆವು.

ತಮ್ಮನನ್ನು ಎರಡು ಬಾಗಿಲಿನ ಆಚೆ ಗಾಜಿನ ಕೋಣೆಯಲ್ಲಿ ಇಟ್ಟಿದ್ದರು. ಅಲ್ಲಿನ ಗಾಳಿಯನ್ನೂ ಸೋಸಿ ಬಿಡುತ್ತಾರಂತೆ. ಚೀಲವನ್ನು ಸ್ಟ್ಯಾಂಡಿಗೆ ತೂಗುಹಾಕಿದ್ದನ್ನು ಗಾಜಿನ ಈಚೆಯಿಂದ ನೋಡಿದೆ. ಹನಿ ಹನಿಯಾಗಿ ಇಳಿದು ಮುಗಿದ ಮೇಲೆ ಒಳಗಿನಿಂದ ಫೋನು ಮಾಡಿದ.

"ಅಕ್ಕಾ, ಈಸ್ಕೊಂಡೆ ಕಣಕ್ಕ."

"ಏನ್ ದೊಡ್ಡ ಭಾರ ಹೊತ್ಕೊಂಡೋನಂಗೆ ಮಾತಾಡ್ತೀಯಲ್ಲ. ಮುಚ್ಕೊಂಡು ಮಲಗು" ಅಂತ ಗದರಿದೆ. ಗದರಿ ಮುಗಿಸುವುದರೊಳಗೆ ಅಳು ಬಂದಿತ್ತು.

ಹದಿನೇಳನೆಯ ದಿನ ಅವನ ರಕ್ತದ ಕಣ ಏರತೊಡಗಿತು. ನನ್ನ ಮಜ್ಜೆ ಅವನಲ್ಲಿ ಬೇರು ಬಿಟ್ಟಿದೆ, ಇನ್ನು ಮುಂದೆ ಅವನ ರಕ್ತದ ಗುಂಪೂ ನನ್ನದೇ ಆಗುತ್ತದೆ ಅಂದರು ಡಾಕ್ಟರಮ್ಮ. ತಮ್ಮ ಅದನ್ನು ಕೇಳಿಕೊಂಡು ನರ್ಸಮ್ಮನಿಗೆ, "ಇನ್ಮೇಕೆ ಉಸಾರಾಗಿರಿ, ನಮ್ಮಕ್ಕನ್ ಕ್ವಾಪ ಬಂದದೆ ನನ್ಗೆ" ಅಂದನಂತೆ. ಆ ಒಂದು ತಮಾಷೆಗೆ ನಾವೆಲ್ಲ ಒಂದು ವಾರ ನಕ್ಕೆವು.

ನೂರು ದಿನ ಹಸು, ಸಗಣಿ, ಹುಲ್ಲಿನ ಧೂಳು ಏನೂ ಹತ್ತಿರ ಬರಬಾರದು ಅಂದರು. ಅವನ ಮನೆಗೆ ಕೊಟ್ಟಿಗೆ ಅಂಟಿಕೊಂಡೇ ಇದೆ. ಹಾಗಾಗಿ ಹೆಂಡತಿಯ ಜೊತೆ ಪಾಂಡವಪುರದ ನಮ್ಮ ಮನೆಗೆ ಬಂದ. ಅದೂ ಅವನಿಗೆ ಮುಳ್ಳು. ಅಕ್ಕನ ಮನೆ ಅನ್ನ ತಿನ್ನುವ ಹಾಗಾಯಿತಲ್ಲ ಅಂತ ಊರಿನಿಂದ ಒಂದು ಮೂಟೆ ರಾಗಿ, ಒಂದು ಮೂಟೆ ಅಕ್ಕಿ ತರಿಸಿಕೊಂಡ. ಅವನ ಮುದ್ದೆಗೆ ಅವನದೇ ರಾಗಿ ಆಗಬೇಕು. ನಾನು ಹೂಂ ಅಂದೆ. ಅವನ ಹಿಟ್ಟಿನ ಡಬ್ಬಿಗೆ ದಿನಾ ನಮ್ಮ ಹಿಟ್ಟನ್ನೂ ಸೇರಿಸುತ್ತಿದ್ದೆ. ಮೂಟೆ ಯಾಕೆ ಕರಗುತ್ತಿಲ್ಲ ಅಂತ ಅವನ ಹೆಂಡತಿ ಒಮ್ಮೆ ಕೇಳಿದಳು. ನಿನ್ನ ಗಂಡ ತಿನ್ನುವುದೇ ಅಷ್ಟು ಅಂದೆ.

ಆಷಾಢದಲ್ಲಿ ಊರಿಗೆ ಹೋದ. ಹಸುಗಳನ್ನು ಅಷ್ಟರಲ್ಲಿ ಮಾರಿದ್ದರು. ಗೌರಿ ಹಬ್ಬಕ್ಕೆ ಬರಬೇಡ, ನಾನೇ ಬಂದು ಬಾಗಿನ ಈಸ್ಕೊತೀನಿ ಅಂತ ನಾನು ಹೇಳಿದ್ದೆ. ಕೇಳಲಿಲ್ಲ. ಮಾಸ್ಕು ಹಾಕಿಕೊಂಡು ಬಾಡಿಗೆ ಕಾರಿನಲ್ಲಿ ಬಂದ. ಬಾಗಿಲಲ್ಲೇ ನಿಂತು ಮೊರ ಚಾಚಿದ. ಅಂಗಿಯ ತೋಳು ಮೇಲೆ ಸರಿಯಿತು. ಹೋದ ವರ್ಷದ ಜಾಗದಲ್ಲೇ ನೀಲಿ ಕಲೆ. ನಾನು ಮೊರ ಈಸಿಕೊಂಡೆ, ಏನೂ ಕೇಳಲಿಲ್ಲ. ನಾನು ನೋಡಿದೆ ಅಂತ ಅವನಿಗೂ ಗೊತ್ತಾಯಿತು, ತೋಳು ಕೆಳಗೆ ಎಳೆದುಕೊಂಡ. ಒಳಗೆ ಹೋಗಿ ಗೌರಿಯ ಮುಂದೆ ಮೊರ ಇಟ್ಟವಳಿಗೆ ಕೈ ಮುಗಿಯಲು ಮನಸ್ಸು ಬರಲಿಲ್ಲ.

ಮೈಸೂರಿನಲ್ಲಿ ಕಾಯಿಲೆ ಮತ್ತೆ ಬಂದಿದೆ ಅಂದರು. ಈ ಸಲ ಡಾಕ್ಟರಮ್ಮನನ್ನು ನಾನೊಬ್ಬಳೇ ಹೋಗಿ ಕೇಳಿದೆ. ಮೊದಲ ಸಲ ಅಡಗಿದ್ದಾಗಲೇ ಹಾಕಿದ್ದರೆ ಉಳಿಯುತ್ತಿದ್ದನಾ? ಅವರು ಫೈಲು ಮುಚ್ಚಿಟ್ಟರು. "ಅವಕಾಶ ಹೆಚ್ಚಿತ್ತಮ್ಮ. ಉಳೀತಿದ್ರು ಅಂತ ಯಾರೂ ಹೇಳೋಕಾಗಲ್ಲ" ಅಂದರು. ನಾನು ಎರಡನೆಯ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಮೊದಲನೆಯದನ್ನು ಮಾತ್ರ ಮನೆಗೆ ತಂದೆ.

ದೀಪಾವಳಿಗೆ ವಾರವಿರುವಾಗ ಹಗಲು ಹನ್ನೊಂದಕ್ಕೆ ಹೋದ. ನಾನಾಗ ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಬಸ್ಸು ಬಂದ ವೇಳೆ ಬರೆಸುತ್ತಿದ್ದೆ. ಫೋನು ಬಂತು. ಮೈಸೂರು ಮೈಸೂರು ಅಂತ ಎರಡು ಸಲ ಕೂಗಿದೆ, ಜನ ಹತ್ತಿದರು, ರೈಟ್ ಹೇಳಿದೆ. ಡ್ರೈವರಿಗೆ ವಿಷಯ ಹೇಳಿದ್ದು ಹೊಳೆ ದಾಟಿದ ಮೇಲೆ. ಪಶ್ಚಿಮವಾಹಿನಿಯಲ್ಲಿ ಅವನ ಅಸ್ಥಿ ಬಿಟ್ಟೆವು. ಅಲ್ಲಿಂದ ಈಚೆಗೆ ದಿನಕ್ಕೆ ನಾಲ್ಕು ಸಲ ಆ ನೀರಿನ ಪಕ್ಕದಲ್ಲೇ ಹೋಗಿಬರುತ್ತೇನೆ. ಆ ಕಡೆ ಬಂದಾಗ ಟಿಕೆಟ್ ಕೊಡುವ ನೆಪದಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇನೆ ಅನ್ನಬಾರದು, ಅವರೂ ಮಡಿಲು ತುಂಬಬಾರದು. ನಾನು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡೆ. ಅವ್ವ ಅಂಗಳಕ್ಕೆ ಓಡಿಬಂದಳು. ಸೆರಗಿನಲ್ಲಿ ಅಕ್ಕಿ ಇತ್ತು.

"ಅವತ್ತು ಆಸ್ಪತ್ರೇಲಿ ಮೂರೇ ಹಿಡಿ ಆಯ್ತು ಕಣವ್ವ. ಎಲ್ಡು ಉಳ್ಕೊಂಡಿತ್ತು. ಅದ್ಕೇ ಇಂಗಾಯ್ತು. ಸಾಸ್ತ್ರ ಆಳಾಗೋಗ್ಲಿ, ಒಡ್ಡು ಸೆರಗ."

ಒಂದು ವರ್ಷದಿಂದ ನುಂಗಿದ್ದೆಲ್ಲ ಬಾಯಿಗೆ ಬಂತು. ನೆಂಟರೆಲ್ಲ ನಿಂತಿದ್ದರು. "ಎಲ್ಡು ಹಿಡಿ ಅಕ್ಕಿಯಲ್ಲ ಕಣವ್ವ ಅವನ್ನ ತಿಂದಿದ್ದು. ಆ ಮೂರು ತಿಂಗಳು. ನಿನ್ನ ಆ ಮೂರು ತಿಂಗಳು. ಇವತ್ತು ಇಷ್ಟು ಸಲೀಸಾಗಿ ಮುರಿಯೋ ಶಾಸ್ತ್ರಾನ ಅವತ್ತು ಮುರೀಬಾರ್ದಾಗಿತ್ತಾ?" ಅಂದು ಚಾಚಿದ ಅವಳ ಕೈ ತಳ್ಳಿ ನಡೆದೆ. ಬೇಡ ಅಂದವನು ಅವನೂ ಹೌದು, ಅವತ್ತು ಬಾಯಿ ಮುಚ್ಚಿಕೊಂಡು ಬಂದವಳು ನಾನೂ ಹೌದು. ಎಲ್ಲವನ್ನೂ ಅವ್ವನ ತಲೆಗೇ ಕಟ್ಟಿದೆ. ನನ್ನ ಹಿಂದೆ ಅಂಗಳದಲ್ಲಿ ಅಕ್ಕಿ ಬಿದ್ದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ.

ಆರು ತಿಂಗಳು ತವರಿಗೆ ಹೋಗಲಿಲ್ಲ.

ಹೋದ ತಿಂಗಳು ಪೇಟೆಯ ಸ್ಟ್ಯಾಂಡಿನಲ್ಲಿ ಅವ್ವ ಹತ್ತಿದಳು. ಮುದುಕಿ ಅರ್ಧವಾಗಿದ್ದಳು. ಮುಂದಿನ ಸೀಟಿನವರು ಎದ್ದು ಜಾಗ ಕೊಟ್ಟರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಪಾಂಡವಪುರಕ್ಕೆ ಸೊನ್ನೆ ಟಿಕೆಟ್ ಹರಿದು ಕೊಟ್ಟೆ. ಚಿನಕುರಳಿಯವರೆಗೂ ಹಿಂದಿನ ಸೀಟುಗಳ ಟಿಕೆಟ್ಟೇ ಹರಿಯುತ್ತಿದ್ದೆ. ಜನ ಇಳಿದು ಬಸ್ಸು ಸ್ವಲ್ಪ ಖಾಲಿಯಾದಾಗ ಕೈಸನ್ನೆ ಮಾಡಿ ಕರೆದಳು. ಮೊಣಕಾಲಿನ ಮೇಲೆ ಒಂದು ಪುಟ್ಟ ಬಟ್ಟೆಯ ಗಂಟಿತ್ತು.

"ಆ ಮೂರು ತಿಂಗ್ಳು ನಂದೇ ಕಣವ್ವ. ನೀನು ಯೋಳೋಕೆ ಮುಂಚೆಲೂ ಗೊತ್ತಿತ್ತು ನಂಗೆ. ಅದ್ಕೇ ತಪ್ಪ ಅಕ್ಕಿ ಮ್ಯಾಲೆ ಹಾಕ್ತಿದ್ದೆ" ಅಂದಳು. ಗಂಟು ಬಿಚ್ಚತೊಡಗಿದಳು. "ಅವ್ನು ಈಸ್ಕೊಳಾಕೆ ತಡ ಮಾಡ್ದ. ನೀನು ಮಾಡ್ಬ್ಯಾಡ. ನಾನೂ ಬಾಳ ದಿನ ಇರಾಕಿಲ್ಲ."

ಖಾಕಿ ಅಂಗಿಯ ಒಳಗೆ ನನ್ನ ಸೆರಗು ಪಿನ್ನು ಹಾಕಿ ಬಿಗಿದಿತ್ತು. ಬಸ್ಸು ಓಲಾಡುತ್ತಿತ್ತು, ಕೈಯಲ್ಲಿ ಟಿಕೆಟ್ ಮಷೀನು. ಹೆಗಲಿನ ಚರ್ಮದ ಚೀಲದ ಬಾಯಿ ಬಿಚ್ಚಿ ಅವಳ ಮುಂದೆ ಹಿಡಿದೆ. ಅವ್ವ ಒಂದು ಹಿಡಿ ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ಗಂಟಿನಲ್ಲಿ ತಂದಿದ್ದೂ ಅಷ್ಟೇ.